ಗೇರುಬಾಕ್ಸಿಗೆ ತಣ್ಣೀರು ಪಟ್ಟಿ

ಕನ್ನಡದ ಅಧ್ಯಾಪಕನನ್ನು ಜನ ಏನೇನೋ ಕೇಳುತ್ತಾರೆ. ಹುಟ್ಟಿದ ಮಗುವಿಗೆ ‘ಋ’ಕಾರದಿಂದ ಮೊದಲಾಗುವ ಹೆಸರೊಂದು ಬೇಕು ಎನ್ನುತ್ತಾರೆ, ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ತಿದ್ದಿಕೊಡಿ ಎನ್ನುತ್ತಾರೆ, ನಿವೃತ್ತರಾಗುತ್ತಿರುವ ಮೇಲಧಿಕಾರಿಯ ಸನ್ಮಾನಪತ್ರಕ್ಕೆ ನಾಲ್ಕು ತೂಕವಾದ ವಿಶೇಷಣಗಳನ್ನು ಬೇಡುತ್ತಾರೆ. ಆದರೆ ಮೋಟಾರು ಗಾಡಿಯ ಗೇರುಬಾಕ್ಸಿನ ಎಣ್ಣೆಯನ್ನು ತಣ್ಣಗಿಡುವುದಕ್ಕೆ ಹೊರಗಿನಿಂದ ಒಂದು ಯಂತ್ರವನ್ನು ಕೊಂಡು ತಂದು ಜೋಡಿಸಬೇಕೇ ಬೇಡವೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ನನ್ನ ತಮ್ಮ. ಕೇಳಿದ್ದು 2019ರ ಜೂನ್ ತಿಂಗಳಲ್ಲಿ, ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ. ಕೇಳುವುದಕ್ಕೆ ಕಾರಣ ನನ್ನ ಯಂತ್ರಜ್ಞಾನವಲ್ಲ. ಅವನು ಆಗಲೇ ಮೂವರನ್ನು ಕೇಳಿದ್ದ. ಮೂವರೂ ಮೂರು ಬಗೆಯಾಗಿ ಹೇಳಿದ್ದರು. ಅವನಿಗೆ ಬೇಕಾಗಿದ್ದುದು ನಾಲ್ಕನೆಯ ಓಟು.

ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ನಮ್ಮ ತಾಯಿ ಆ ವರ್ಷದ ಜನವರಿಯಲ್ಲಿ ತಮ್ಮನ ಮನೆಗೆ ಹೋಗಿದ್ದರು. ಅವರಿಗೆ 76 ವರ್ಷ; ಒಬ್ಬರೇ ವಾಪಸು ಬರುವುದು ಬೇಡವೆಂದು ಕರೆತರಲು ನಾನು ರಜೆಯಲ್ಲಿ ಹೋದೆ. ಹೋಗುವ ಹೊತ್ತಿಗೆ ತಮ್ಮನ ಕಂಪನಿಯವರು ಅವನಿದ್ದ ವಿಭಾಗವನ್ನೇ ಮುಚ್ಚಿಬಿಟ್ಟಿದ್ದರು. ಅಲ್ಲಿ ಕೆಲಸದ ವೀಸಾದ ಮೇಲೆ ಇರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ವಾಯಿದೆ. ಅಷ್ಟರಲ್ಲಿ ಇನ್ನೊಂದು ಕಂಪನಿ ಇವನ ಪರವಾಗಿ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಆ 60 ದಿನ ಕೂಡ 2017ರಲ್ಲಿ ಬಂದ ನಿಯಮ. ನಮ್ಮವನಿಗೆ 47ನೆಯ ದಿನ ಕೆಲಸ ಸಿಕ್ಕಿತು. ಸಿಕ್ಕಿದ್ದು ಕೊಲೊರಾಡೋ ಸಂಸ್ಥಾನದ ಡೆನ್ವರಿನಲ್ಲಿ. ಸುಮಾರು 900 ಮೈಲಿ ದೂರ. ಜುಲೈ ಒಂದಕ್ಕೆ ಹಾಜರಾಗಬೇಕು. ಸಾಮಾನು ಸಾಗಿಸುವ ಕಂಪನಿಯವರು ಕೇಳಿದ ಹಣ ಅವನ ಉಳಿತಾಯದ ಅರ್ಧದಷ್ಟಿತ್ತು. ಎರಡು ತಿಂಗಳು ಸಂಬಳವಿಲ್ಲದೆ ಕೂತವನು ಅಷ್ಟು ಕೊಡಲಾರ. ಆದ್ದರಿಂದ ಮನೆಯಲ್ಲಿದ್ದ ಹಳೆಯ ವ್ಯಾನಿನ ಹಿಂದಕ್ಕೆ ಬಾಡಿಗೆಯ ಟ್ರೇಲರು ಕಟ್ಟಿ, ತಾನೇ ಎಳೆದುಕೊಂಡು ಹೋಗುವುದೆಂದು ತೀರ್ಮಾನ ಮಾಡಿದ.

ವ್ಯಾನು ಹತ್ತು ವರ್ಷದ್ದು, 1,30,000 ಮೈಲಿ ಓಡಿದ್ದು, ಎರಡನೆಯ ಕೈಯಿಂದ ಕೊಂಡದ್ದು. ಟ್ರೇಲರು ಖಾಲಿಯಿದ್ದಾಗಲೇ 900 ಪೌಂಡು. ಅದರೊಳಕ್ಕೆ ನನ್ನ ನಾದಿನಿಯ ಪಾತ್ರೆ ಪರಡಿ, ಮಗುವಿನ ಸೈಕಲ್ಲು, ಹತ್ತು ಪೆಟ್ಟಿಗೆ ಪುಸ್ತಕ, ಕೊಯಮತ್ತೂರಿನಿಂದ ಹೊತ್ತು ತಂದ ಕಲ್ಲಿನ ಗ್ರೈಂಡರು, ಎಲ್ಲ ಸೇರಿದರೆ 2,300 ಪೌಂಡು ಆದೀತೆಂದು ಅಂದಾಜು. ನಮ್ಮ ಲೆಕ್ಕದಲ್ಲಿ ಒಂದು ಟನ್ನಿಗೆ ಮೇಲೆ. ಒಳಗೆ ಐದು ಜನ. ದಾರಿಯೋ, ಮೊದಲ 145 ಮೈಲಿಯಲ್ಲೇ ಸಮುದ್ರಮಟ್ಟದಿಂದ 1,100 ಅಡಿ ಎತ್ತರದ ಫೀನಿಕ್ಸಿನಿಂದ 7,000 ಅಡಿಯ ಫ್ಲ್ಯಾಗ್‌ಸ್ಟಾಫಿಗೆ ಏರುತ್ತದೆ. ಏರುವುದೂ ಒಂದೇ ಸಲವಲ್ಲ. ಮೇಲೆ ಹತ್ತಿ, ವರ್ಡಿ ಕಣಿವೆಗೆ ಇಳಿದು, ಮತ್ತೆ ಹತ್ತಬೇಕು. ಜೂನ್ ತಿಂಗಳ ಫೀನಿಕ್ಸ್ ಎಂದರೆ ಏನೆಂದು ನಮ್ಮ ರಾಯಚೂರಿನವರಿಗೆ ಸ್ವಲ್ಪ ಮಟ್ಟಿಗೆ ಹೇಳಬಹುದು. ಮೈಸೂರಿನವರಿಗೆ ಹೇಳಿ ಪ್ರಯೋಜನವಿಲ್ಲ. 1990ರ ಜೂನ್ 26ರಂದು ಅಲ್ಲಿ 122 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು. ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ 50. ನಾನಿದ್ದಾಗ 112ರ ಸುಮಾರಿನಲ್ಲಿತ್ತು. ಮಧ್ಯಾಹ್ನ ಅಂಗಳದ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಹದವಾದ ಬಿಸಿನೀರು ಬರುತ್ತಿತ್ತು.

ಇಂಥ ಬಿಸಿಲಿನಲ್ಲಿ, ಊರಿಲ್ಲದ ಮರುಭೂಮಿಯ ಏರಿನಲ್ಲಿ, ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಗೇರುಬಾಕ್ಸು ಕೈಕೊಟ್ಟರೆ ಏನು ಗತಿ? ಅದರ ದುರಸ್ತಿಗೆ ಮೂರು ನಾಲ್ಕು ಸಾವಿರ ಡಾಲರು. ವ್ಯಾನಿನ ಬೆಲೆಯೇ ಅಷ್ಟು. ಜುಲೈ ಒಂದು ಬೇರೆ ಎದುರಿಗೆ ಕೂತಿದೆ. ಪ್ರಶ್ನೆ ಹುಡುಗಾಟದ್ದಾಗಿರಲಿಲ್ಲ.

ಮೊದಲು ಅದಕ್ಕೊಂದು ಕನ್ನಡ ಹೆಸರು ಕೊಡೋಣವೆಂದು ಹೊರಟೆ. ಅದು ನನ್ನ ವೃತ್ತಿಯ ಚಾಳಿ. ‘ಟ್ರಾನ್ಸ್‌ಮಿಷನ್ ಕೂಲರ್’ ಎಂಬುದನ್ನು ನಮ್ಮ ಪಾರಿಭಾಷಿಕ ಪದಕೋಶಗಳ ರೀತಿಯಲ್ಲಿ ಬಿಡಿಸಿದರೆ ‘ಪ್ರಸರಣ ಶೀತಕ’ ಎಂದಾಗುತ್ತದೆ. ಕೇಳಿದವರು ಆಕಾಶವಾಣಿಯ ಕಟ್ಟಡಕ್ಕೆ ಹವಾನಿಯಂತ್ರಣ ಮಾಡಿಸುತ್ತಿದ್ದಾರೆಂದು ತಿಳಿದಾರು. ಅಮ್ಮ ಒಂದೇ ಮಾತಿನಲ್ಲಿ ಅದಕ್ಕೆ ನಾಮಕರಣ ಮಾಡಿದರು. ಜ್ವರ ಬಂದವರ ಹಣೆಗೆ ತಣ್ಣೀರು ಪಟ್ಟಿ ಹಾಕುವ ಹಾಗೆ ಇದು ಎಂದು ತಮ್ಮ ವಿವರಿಸಿದ್ದೇ ತಡ, “ಹಾಗಾದರೆ ಪಟ್ಟಿ ಅನ್ನಿ, ಸಾಕು” ಎಂದರು. ಆಮೇಲೆ ಮನೆಯಲ್ಲಿ ಅದು ಪಟ್ಟಿಯೇ ಆಯಿತು.

ಗೇರುಬಾಕ್ಸಿಗೆ ಜ್ವರ ಬರುವುದೇಕೆ ಎಂಬುದನ್ನು ತಿಳಿದುಕೊಳ್ಳಲು ನನಗೆ ಎರಡು ಸಂಜೆ ಹಿಡಿಯಿತು. ನಾವು ಕಲಿತ ಗಾಡಿಗಳಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ಚು. ಕಾಲಿನಿಂದ ಒತ್ತಿದರೆ ಬಿಡುತ್ತದೆ, ಎತ್ತಿದರೆ ಹಿಡಿಯುತ್ತದೆ. ತಾನಾಗಿ ಗೇರು ಬದಲಾಯಿಸುವ ಗಾಡಿಯಲ್ಲಿ ಆ ಜಾಗದಲ್ಲಿರುವುದು ಎಣ್ಣೆ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯನ್ನಿಟ್ಟುಕೊಳ್ಳಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿ, ನಡುವೆ ಎಣ್ಣೆಯ ಹರಿವನ್ನು ತಿರುಗಿಸಿಕೊಡುವ ಮೂರನೆಯ ರೆಕ್ಕೆಯೊಂದನ್ನು ಕೂರಿಸಿ. ಅದೇ ಟಾರ್ಕ್ ಕನ್ವರ್ಟರು. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಈ ಉಪಾಯ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಾರಿನ 1940ರ ಮಾದರಿಯಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಿಂದ ಜನರ ಕೈಗೆ ಬಂತು.

ಎರಡು ಫ್ಯಾನುಗಳೂ ಒಂದೇ ವೇಗದಲ್ಲಿ ತಿರುಗಿದರೆ ತೊಂದರೆಯಿಲ್ಲ. ಭಾರ ಎಳೆಯುವಾಗ, ಏರು ಹತ್ತುವಾಗ, ಎಂಜಿನ್ನಿನ ಕಡೆಯದು ಬಿರುಸಾಗಿ ತಿರುಗಿ ಚಕ್ರದ ಕಡೆಯದು ಹಿಂದೆ ಬೀಳುತ್ತದೆ. ಆ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಕಡೆದು ಕಡೆದು ಬಿಸಿಯಾಗುತ್ತದೆ. ಸಮರಸ್ತೆಯಲ್ಲಿ ಒಂದೇ ಸಮನಾಗಿ ಹೋಗುವಾಗ ಎರಡನ್ನೂ ಕಚ್ಚಿ ಹಿಡಿಯುವ ಬೀಗವೊಂದಿದೆ. ಏರಿನಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಎಣ್ಣೆಗೆ ಬಿಸಿ ಹತ್ತುವುದು ಆಗಲೇ.

ಎಣ್ಣೆಯೂ ಸಾಮಾನ್ಯದ್ದಲ್ಲ. ಕುಂಕುಮದ ನೀರಿನಂತೆ ಕೆಂಪು; ಸೋರಿದರೆ ಇದೇ ಎಂದು ಗುರುತು ಸಿಗಲೆಂದು ಬಣ್ಣ ಹಾಕಿರುತ್ತಾರೆ. ಒಂದು ಕಾಲಕ್ಕೆ ಇದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರಂತೆ. 1970ರಲ್ಲಿ ಅಮೆರಿಕ ಸರ್ಕಾರ ಆ ತಿಮಿಂಗಿಲವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ರಸಾಯನ ತಜ್ಞರು ಬದಲಿ ಹುಡುಕಬೇಕಾಯಿತು. ಇದನ್ನು ಓದಿದಾಗ ಅಮ್ಮನ ಮುಂದೆ ಹೇಳಲಿಲ್ಲ. ಈಗಿನದರಲ್ಲಿ ಅದಿಲ್ಲವೆಂದರೂ ಅವರು ಆ ವ್ಯಾನಿನಲ್ಲಿ ದೇವರ ಪೆಟ್ಟಿಗೆ ಇಡಲು ಒಪ್ಪುತ್ತಿರಲಿಲ್ಲ.

ಈ ಎಣ್ಣೆಯ ಆಯುಸ್ಸಿನ ಬಗ್ಗೆ ಮೆಕ್ಯಾನಿಕ್ಕುಗಳಲ್ಲಿ ಒಂದು ಬಾಯಿಲೆಕ್ಕ ರೂಢಿಯಲ್ಲಿದೆ. 175 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ಸುಮಾರು 80 ಸೆಲ್ಸಿಯಸ್ಸಿನಲ್ಲಿ, ಎಣ್ಣೆ ಒಂದು ಲಕ್ಷ ಮೈಲಿ ಬಾಳುತ್ತದೆ; ಅಲ್ಲಿಂದ ಮೇಲಕ್ಕೆ ಪ್ರತಿ 20 ಡಿಗ್ರಿಗೂ ಆಯುಸ್ಸು ಅರ್ಧ. 195ರಲ್ಲಿ ಐವತ್ತು ಸಾವಿರ, 215ರಲ್ಲಿ ಇಪ್ಪತ್ತೈದು ಸಾವಿರ, ಹೀಗೆ. ಇಷ್ಟು ಚೊಕ್ಕವಾದ ಮಗ್ಗಿ ಕಂಡರೆ ನನಗೆ ಅನುಮಾನ. ನಿಜವಾದ ವಸ್ತುಗಳು ಇಷ್ಟು ಕ್ರಮವಾಗಿ ಸಾಯುವುದಿಲ್ಲ. ಆದರೆ ಹಿಂತಿರುಗಿದ ಮೇಲೆ ನಮ್ಮ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು, ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ, ಫ್ಯಾರನ್‌ಹೀಟಿನ 20 ಡಿಗ್ರಿಯೆಂದರೆ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಅಂಕಿ ಹೇಗೇ ಇರಲಿ, ದಿಕ್ಕು ಸರಿ ಎಂದರು.

ಇನ್ನು ಆ ಮೂವರ ಅಭಿಪ್ರಾಯ. ಒಬ್ಬ ತಮ್ಮನ ಹಳೆಯ ಸಹೋದ್ಯೋಗಿ, ಗಾಡಿಗಳ ಹುಚ್ಚಿನವನು. ಸಿಕ್ಕುವುದರಲ್ಲೆಲ್ಲ ದೊಡ್ಡ ಕೂಲರು ತಂದು ಹಾಕು, ತಂಪು ಹೆಚ್ಚಾದರೆ ನಷ್ಟವೇನು ಎಂದ. ಎರಡನೆಯದು ಗಾಡಿ ಮಾರುವ ಅಂಗಡಿಯೊಂದರ ಸರ್ವಿಸ್ ವಿಭಾಗದ ಮೇಜಿನ ಹಿಂದಿನ ಯುವಕ. ಕಂಪನಿ ಕೊಟ್ಟಿದ್ದಕ್ಕಿಂತ ಹೆಚ್ಚಿಗೆ ಏನೂ ಬೇಡ, ಎಣ್ಣೆ ಬದಲಾಯಿಸುವುದೂ ಬೇಡ, ಅದು ಜೀವಮಾನದ ಎಣ್ಣೆ ಎಂದ. ಯಾರ ಜೀವಮಾನ ಎಂದು ನಾನು ತಮ್ಮನನ್ನು ಕೇಳಿದೆ. ಎಣ್ಣೆಯದೋ, ಗೇರುಬಾಕ್ಸಿನದೋ, ಒಡೆಯನದೋ? ‘ಆಜೀವ’ ಎಂಬ ಸಮಾಸವನ್ನು ವಿಗ್ರಹಿಸದೆ ಬಳಸುವವರ ಹತ್ತಿರ ಎಚ್ಚರವಾಗಿರಬೇಕು. ಹೊರಗಿನ ಸಾಮಾನು ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂದೂ ಅವನು ಸೇರಿಸಿದನಂತೆ. 1975ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ಹಾಗೆ ಸುಮ್ಮನೆ ವಾರಂಟಿ ತಳ್ಳಿಹಾಕುವಂತಿಲ್ಲ. ಆ ಸಾಮಾನಿನಿಂದಲೇ ಕೆಟ್ಟಿತೆಂದು ತೋರಿಸಬೇಕು. ಅದೂ ಅಲ್ಲದೆ, ಹತ್ತು ವರ್ಷದ ವ್ಯಾನಿಗೆ ಹೋಗಲು ವಾರಂಟಿ ಎಲ್ಲಿತ್ತು?

ಮೂರನೆಯ ಅಭಿಪ್ರಾಯ ನನ್ನ ನಾದಿನಿಯದು. “ಭಾವ, ಈ ವ್ಯಾನೇ ಬೇಡ. ಗ್ರೈಂಡರು, ಪುಸ್ತಕ, ಮಂಚ ಎಲ್ಲ ಇಲ್ಲೇ ಮಾರಿಬಿಡೋಣ, ನಾವು ನಾವು ವಿಮಾನದಲ್ಲಿ ಹೋಗೋಣ ಅಂತ ನಾನು. ಇವರು ಕೇಳೋದಿಲ್ಲ” ಎಂದಳು. ಮೂರರಲ್ಲಿ ಹೆಚ್ಚು ವಿವೇಕದ ಮಾತು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡಸಿಗೆ, ಮನೆಯನ್ನು ಮುರಿಯದೆ ಇಡಿಯಾಗಿ ಎಳೆದುಕೊಂಡು ಹೋಗುತ್ತೇನೆ ಎಂಬುದರಲ್ಲಿ ಏನೋ ಇತ್ತು. ಅವಳಿಗೂ ಅದು ಗೊತ್ತಿತ್ತು. ಆ ಮಾತನ್ನು ಎರಡನೆಯ ಸಲ ಎತ್ತಲಿಲ್ಲ.

ನಿಜವಾದ ತೊಡಕು ನನಗೆ ಗೊತ್ತಾದದ್ದು ವ್ಯಾನಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಜಾಲರಿಯೊಳಗೆ ಇಣುಕಿದಾಗ. ಮುಂದುಗಡೆ ಮೊದಲು ಏರ್ ಕಂಡೀಷನ್ನಿನ ಕಂಡೆನ್ಸರು; ಅದರ ಬೆನ್ನಿಗೆ ರೇಡಿಯೇಟರು. ಕಂಪನಿಯವರು ಗೇರಿನ ಎಣ್ಣೆಯನ್ನು ತಣಿಸುವ ಕೊಳವೆಯನ್ನು ಆ ರೇಡಿಯೇಟರಿನ ತೊಟ್ಟಿಯೊಳಗೇ ಅಡಗಿಸಿರುತ್ತಾರೆ. ಹೊಸ ಕೂಲರು ಬಂದರೆ ಎಲ್ಲಕ್ಕಿಂತ ಮುಂದೆ ನಿಲ್ಲಬೇಕು. ಅಂದರೆ ಬೀಸಿ ಬರುವ ಗಾಳಿ ಒಂದೇ; ಅದಕ್ಕೆ ಮೈಯೊಡ್ಡುವವರು ಮೂವರು. ಮುಂದಿನವನ ಬಿಸಿ ಹಿಂದಿನವನ ಮುಖಕ್ಕೆ. ಮದುವೆ ಮನೆಯಲ್ಲಿ ಒಂದೇ ಫ್ಯಾನಿನ ಎದುರು ಸಾಲಾಗಿ ಕೂತ ಬೀಗರಂತೆ. ಗೇರಿನ ಜ್ವರ ಇಳಿಸುತ್ತೇವೆಂದು ಹೋಗಿ ಎಂಜಿನ್ನಿಗೆ ಜ್ವರ ಬರಿಸಿದರೆ? ಒಳಗೆ ಕೂತ ಅಮ್ಮನಿಗೆ ಬರುವ ತಂಪುಗಾಳಿ ಕಡಿಮೆಯಾದರೆ? ಅಮೆರಿಕದ ನೈಋತ್ಯ ಭಾಗದ ಉದ್ದನೆಯ ಏರುಗಳಲ್ಲಿ, ಎಂಜಿನ್ ಕಾಯದಿರಬೇಕಾದರೆ ಏರ್ ಕಂಡೀಷನ್ ಆರಿಸಿ ಎಂದು ಹೆದ್ದಾರಿಯವರೇ ಹಲಗೆ ಹಾಕಿರುತ್ತಾರೆ. 112 ಡಿಗ್ರಿಯಲ್ಲಿ ಹೊರಗಿನ ಯಂತ್ರ ತಂಪಾಗಲೆಂದು ಒಳಗಿನ ಮುದುಕಿಯನ್ನು ಬೇಯಿಸುವುದು ನನ್ನಿಂದ ಆಗದು. ದೊಡ್ಡದನ್ನೇ ಹಾಕು ಎಂದವನ ಮಾತನ್ನು ನಾನು ತಳ್ಳಿದ್ದು ಇದಕ್ಕಾಗಿ.

ಎಣ್ಣೆ ಅತಿಯಾಗಿ ತಣ್ಣಗಾಗುವುದೂ ಕೆಟ್ಟದ್ದೇ. ರೇಡಿಯೇಟರಿನ ತೊಟ್ಟಿಯಲ್ಲಿ ನೀರು 195 ಡಿಗ್ರಿಯ ಸುಮಾರಿನಲ್ಲಿರುತ್ತದೆ. ಬೇಸಿಗೆಯಲ್ಲಿ ಅದು ಗೇರಿನ ಎಣ್ಣೆಯನ್ನು ತಣಿಸುತ್ತದೆ, ಚಳಿಗಾಲದ ಬೆಳಿಗ್ಗೆ ಅದೇ ನೀರು ಎಣ್ಣೆಯನ್ನು ಬೆಚ್ಚಗೆ ಮಾಡುತ್ತದೆ. ಫೀನಿಕ್ಸಿನಲ್ಲಿ ಚಳಿಗಾಲವಿಲ್ಲ. ಡೆನ್ವರಿನಲ್ಲಿ ಇದೆ, ಅಲ್ಲಿ ಫ್ಯಾರನ್‌ಹೀಟಿನ ಸೊನ್ನೆಗೂ ಕೆಳಗೆ ಇಳಿಯುವ ದಿನಗಳುಂಟು. ಕೂಲರನ್ನು ಕೊಳ್ಳುತ್ತಿರುವುದು ಎರಡು ದಿನದ ಪ್ರಯಾಣಕ್ಕೆ, ಅದು ಗಾಡಿಯಲ್ಲಿ ಉಳಿಯುವುದು ವರ್ಷಾನುಗಟ್ಟಲೆ.

ಕಡೆಗೆ ಊರ ಹೊರಗೆ ಗೇರುಬಾಕ್ಸಿನ ಕೆಲಸವನ್ನಷ್ಟೇ ಮಾಡುವ ಒಬ್ಬ ಮುದುಕನ ಷೆಡ್ಡಿಗೆ ಹೋದೆವು. ಮೆಕ್ಸಿಕೋ ಕಡೆಯವನು, ಮಾತು ಕಡಿಮೆ. ಕಡ್ಡಿ ಎಳೆದು, ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿದ, ಮೂಸಿದ, ಬಿಳಿಯ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಅದು ಹರಡುವುದನ್ನು ನೋಡುತ್ತ ನಿಂತ. ನಮ್ಮೂರಿನ ಪಂಡಿತರು ನಾಡಿ ಹಿಡಿದು ಮುಖ ನೋಡದೆ ನೆಲ ನೋಡುತ್ತಿದ್ದರಲ್ಲ, ಅದೇ ಭಂಗಿ. ಕೆಂಪಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಆಗುವ ದಾರಿಯಲ್ಲಿತ್ತು. ಸುಟ್ಟ ವಾಸನೆ ಮಾತ್ರ ಇನ್ನೂ ಬಂದಿರಲಿಲ್ಲ. “ಮೊದಲು ಎಣ್ಣೆ, ಆಮೇಲೆ ಕೂಲರು” ಎಂದ. ಕೆಟ್ಟ ಎಣ್ಣೆಯನ್ನು ತಣ್ಣಗೆ ಮಾಡಿದರೆ ತಣ್ಣನೆಯ ಕೆಟ್ಟ ಎಣ್ಣೆ ಸಿಗುತ್ತದೆ ಅಷ್ಟೆ ಎಂಬುದು ಅವನ ಅಭಿಪ್ರಾಯ. ಅದನ್ನೂ ಯಂತ್ರದಿಂದ ರಭಸವಾಗಿ ತೊಳೆಯಬಾರದು; ಕೆಳಗಿನ ತಿರುಪು ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ತುಂಬಿ, ಕೆಲವು ದಿನ ಓಡಿಸಿ, ಮತ್ತೆ ಅದನ್ನೇ ಮಾಡಬೇಕು. ಕನ್ವರ್ಟರಿನಲ್ಲಿ ಉಳಿದುಕೊಳ್ಳುವ ಹಳೆಯ ಎಣ್ಣೆ ಒಂದೇ ಸಲಕ್ಕೆ ಹೊರಗೆ ಬರುವುದಿಲ್ಲ.

ಕೂಲರಿನ ಪರವಾಗಿ ಅವನು ಕೊಟ್ಟ ಕಾರಣ ನಾವು ಯಾರೂ ಯೋಚಿಸದೆ ಇದ್ದದ್ದು. ಮೂಲೆಯಲ್ಲಿದ್ದ ಒಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಳಗಿದ್ದುದು ಸಾಕ್ಷಾತ್ ರೋಸ್ ಮಿಲ್ಕ್! ಬೇಕರಿಯಲ್ಲಿ ಕೊಡುವ ಅದೇ ಬಣ್ಣ, ಅದೇ ನೊರೆ. ಹಳೆಯ ರೇಡಿಯೇಟರಿನ ತೊಟ್ಟಿಯೊಳಗಿನ ಆ ಕೊಳವೆ ತುಕ್ಕು ಹಿಡಿದು ಬಿರುಕು ಬಿಟ್ಟರೆ ಎಂಜಿನ್ನಿನ ನೀರೂ ಗೇರಿನ ಎಣ್ಣೆಯೂ ಬೆರೆತುಹೋಗುತ್ತವೆ. ನೀರಿನಲ್ಲಿರುವ ಗ್ಲೈಕಾಲು ಗೇರಿನ ಒಳಗಿನ ಕ್ಲಚ್ಚು ತಟ್ಟೆಗಳ ಮೇಲಿನ ಪದರದ ಅಂಟನ್ನು ಬಿಡಿಸಿಬಿಡುತ್ತದೆ. ಅಲ್ಲಿಗೆ ಗೇರುಬಾಕ್ಸು ಮುಗಿಯಿತು. ಇದಕ್ಕೆ ಹೆದರಿ ಅನೇಕರು ರೇಡಿಯೇಟರಿನ ಸಂಬಂಧವನ್ನೇ ಕಡಿದು, ಹೊರಗಿನ ಕೂಲರೊಂದಕ್ಕೇ ಎಣ್ಣೆಯನ್ನು ತಿರುಗಿಸಿಬಿಡುತ್ತಾರಂತೆ.

ನಾವು ಹಾಗೆ ಮಾಡಲಿಲ್ಲ. ಡೆನ್ವರಿನ ಚಳಿಯ ಮಾತು ಕೇಳಿ ಮುದುಕನೂ ಬೇಡವೆಂದ. ರೇಡಿಯೇಟರನ್ನು ಪರೀಕ್ಷಿಸಿದ, ನೀರಿನಲ್ಲಿ ಎಣ್ಣೆಯ ಜಿಡ್ಡಿರಲಿಲ್ಲ. ಎಣ್ಣೆ ಮೊದಲು ರೇಡಿಯೇಟರಿಗೆ ಹೋಗಿ, ಅಲ್ಲಿಂದ ಹೊಸ ಕೂಲರಿಗೆ ಬಂದು, ಆಮೇಲೆ ಗೇರಿಗೆ ಹಿಂತಿರುಗುವ ಹಾಗೆ ಜೋಡಿಸುವುದೆಂದಾಯಿತು. ಕೂಲರು ಮಧ್ಯಮ ಗಾತ್ರದ್ದು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಜಾತಿಯದು. ಚಳಿಗೆ ಎಣ್ಣೆ ಗಟ್ಟಿಯಾದಾಗ ಸುತ್ತು ಹೊಡೆಯದೆ ಅಡ್ಡದಾರಿಯಲ್ಲಿ ದಾಟಿಹೋಗಲು ಅದರಲ್ಲಿ ಅವಕಾಶವಿರುತ್ತದೆ. ಪೆಟ್ಟಿಗೆಯೊಳಗೆ ಅದನ್ನು ಕಟ್ಟಲು ಪ್ಲಾಸ್ಟಿಕ್ಕಿನ ಕಡ್ಡಿಗಳಿದ್ದವು. ರೇಡಿಯೇಟರಿನ ರೆಕ್ಕೆಗಳ ನಡುವೆಯೇ ತೂರಿಸಿ ಬಿಗಿಯುವಂಥವು. ಮುದುಕ ಅವನ್ನು ಕಸದ ಬುಟ್ಟಿಗೆ ಹಾಕಿದ. ಅಲುಗಾಟಕ್ಕೆ ಉಜ್ಜಿ ಉಜ್ಜಿ ತೂತು ಮಾಡುತ್ತವೆ ಎಂದು ಹೇಳಿ, ಕಬ್ಬಿಣದ ಪಟ್ಟಿ ಕತ್ತರಿಸಿ ಚೌಕಟ್ಟು ಮಾಡಿ, ಕಂಡೆನ್ಸರಿಗೂ ಅದಕ್ಕೂ ನಡುವೆ ಬೆರಳು ಹಿಡಿಯುವಷ್ಟು ಸಂದು ಬಿಟ್ಟು ಕೂರಿಸಿದ. ಕೂಲರಿಗೆ 70 ಡಾಲರು, ಎಣ್ಣೆಗೆ 60, ಕೂಲಿ 150. ಡಾಲರನ್ನು ರೂಪಾಯಿಗೆ ತಿರುಗಿಸುವ ಅಭ್ಯಾಸವನ್ನು ನಾನು ಅಷ್ಟು ಹೊತ್ತಿಗೆ ಬಿಟ್ಟಿದ್ದೆ, ಆರೋಗ್ಯಕ್ಕೆ ಒಳ್ಳೆಯದಲ್ಲ.

ಹೊರಡುವ ಹೊತ್ತನ್ನು ಗೊತ್ತುಮಾಡಿದವರು ಅಮ್ಮ. ಬೆಳಿಗ್ಗೆ ಎಂಟಕ್ಕೆ, ತಿಂಡಿ ಮುಗಿಸಿಕೊಂಡು ಎಂದು ತಮ್ಮ ಹೇಳುತ್ತಿದ್ದ.

“ಎಂಟಕ್ಕೆ ಯಾಕೋ? ಬೇಸಗೆಯಲ್ಲಿ ಎತ್ತಿನ ಗಾಡಿ ಕಟ್ಟುತಾ ಇದ್ದದ್ದು ಯಾವಾಗ, ಕೋಳಿ ಕೂಗೋಕೆ ಮೊದಲು. ಎತ್ತಿಗೆ ಬಿಸಿಲು ತಾಗಬಾರದು ಅಂತ. ಇದೂ ಎತ್ತೇ ತಾನೆ?”

“ಅಮ್ಮ, ಇದಕ್ಕೆ ಈಗ ಕೂಲರು ಹಾಕಿಸಿದೀನಲ್ಲ.”

“ಪಟ್ಟಿ ಹಾಕಿದೀನಿ ಅಂತ ಜ್ವರದೋನನ್ನ ಬಿಸಿಲಿಗೆ ಕಳಿಸ್ತಾರೇನೋ?”

ಮೂರು ಗಂಟೆಗೆ ಹೊರಟೆವು. ಅಷ್ಟು ಹೊತ್ತಿನಲ್ಲೂ ಹೊರಗೆ 88 ಡಿಗ್ರಿ. 1996ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಕಾರುಗಳಲ್ಲೆಲ್ಲ ಸ್ಟೀರಿಂಗಿನ ಕೆಳಗೆ ಒಂದು ಕಿಂಡಿ ಇರುತ್ತದೆ. ಅದಕ್ಕೊಂದು ಸಣ್ಣ ಯಂತ್ರ ಸಿಕ್ಕಿಸಿದರೆ ಒಳಗಿನ ಅಂಕಿಗಳು ಮೊಬೈಲಿನಲ್ಲಿ ಕಾಣುತ್ತವೆ. ಗೇರಿನ ಎಣ್ಣೆಯ ಉಷ್ಣ ನೋಡಿ ಕೂಗಿ ಹೇಳುವ ಕೆಲಸ ನನ್ನದು. ಸಮರಸ್ತೆಯಲ್ಲಿ 172. ಟ್ರೇಲರು ಕಟ್ಟಿದವರಿಗೆ ಹೇಳಿದ 55 ಮೈಲಿಯ ವೇಗವನ್ನು ತಮ್ಮ ಮೀರಲಿಲ್ಲ. ಏರು ಬಂದಾಗ ಗೇರು ಮೇಲಕ್ಕೂ ಕೆಳಕ್ಕೂ ಹುಡುಕಾಡದ ಹಾಗೆ ಓವರ್‌ಡ್ರೈವಿನ ಗುಂಡಿಯನ್ನು ಆರಿಸಿದ, ಎಂಜಿನ್ನು ಗುರುಗುಟ್ಟಿತು. 181, 188, 194. ಲಾರಿಗಳ ಸಾಲಿನ ಹಿಂದೆ, ಅವುಗಳ ಕೆಂಪು ದೀಪ ನೋಡುತ್ತ, ನಾನು ಅಂಕಿ ಹೇಳುತ್ತ, ಅಮ್ಮ ಹಿಂದಿನ ಸೀಟಿನಲ್ಲಿ ಸಣ್ಣ ದನಿಯಲ್ಲಿ ವಿಷ್ಣುಸಹಸ್ರನಾಮ ಹೇಳುತ್ತ, ಹತ್ತಿದೆವು. ಎಲ್ಲಕ್ಕಿಂತ ಮೇಲಿನ ಅಂಕಿ 203; ಅದು ಎರಡನೆಯ ಏರಿನಲ್ಲಿ. ಏರ್ ಕಂಡೀಷನ್ನನ್ನು ಒಂದು ಗಳಿಗೆಯೂ ಆರಿಸಲಿಲ್ಲ. ಬೆಳಕು ಹರಿದಾಗ ಕಳ್ಳಿಗಿಡಗಳು ಹೋಗಿ ಪೈನ್ ಮರಗಳು ಬಂದಿದ್ದವು. ಫ್ಲ್ಯಾಗ್‌ಸ್ಟಾಫಿನಲ್ಲಿ ಇಳಿದರೆ ಹಲ್ಲು ಕಟಕಟಿಸುವ ಚಳಿ. ಅಮ್ಮ ಶಾಲು ಕೇಳಿದರು. ಶಾಲು ಟ್ರೇಲರಿನ ತಳದಲ್ಲಿತ್ತು. ಗ್ರೈಂಡರಿನ ಕೆಳಗೆ.

ಹಿಂದಿನ ವಾರ ಇದೇ ದಾರಿಯಲ್ಲಿ, ಟ್ರೇಲರಿಲ್ಲದೆ, ಮಧ್ಯಾಹ್ನದ ಹೊತ್ತು ತಮ್ಮ ಪರೀಕ್ಷೆಗೆಂದು ಹೋಗಿಬಂದಿದ್ದ. ಆಗ ಅಂಕಿ 224ಕ್ಕೆ ಏರಿತ್ತು. ಒಂದು ಟನ್ನು ಭಾರ ಹೊತ್ತೂ ಈಗ 203. ಕೂಲರು ಗೆದ್ದಿತು ಎಂದು ಅವನು ಹಿಗ್ಗಿದ. ಹಸ್ತಪ್ರತಿಗಳ ಪಾಠ ನೋಡಿದ ಅಭ್ಯಾಸದಿಂದ ನನಗೆ ಹಾಗೆ ಒಪ್ಪಲಾಗಲಿಲ್ಲ. ಎರಡು ಪ್ರತಿಗಳ ನಡುವೆ ಒಂದೇ ಕಡೆ ವ್ಯತ್ಯಾಸವಿದ್ದರೆ ಕಾರಣ ಹೇಳಬಹುದು. ಇಲ್ಲಿ ಎಣ್ಣೆ ಹೊಸದು, ಕೂಲರು ಹೊಸದು, ಹೊತ್ತು ರಾತ್ರಿಯದು, ವೇಗ ಕಡಿಮೆ. ಯಾವುದಕ್ಕೆ ಎಷ್ಟು ಡಿಗ್ರಿ ಕೊಡುವುದು? ಮುದುಕನನ್ನು ಕೇಳಿದ್ದರೆ ಎಣ್ಣೆ ಎನ್ನುತ್ತಿದ್ದ. ಅಮ್ಮನಂತೂ ಅಲ್ಬುಕರ್ಕಿಯ ಹೋಟೆಲು ತಲಪುವವರೆಗೆ ಮೂರು ಗಂಟೆಗೆ ಹೊರಟಿದ್ದರ ಫಲವೆಂದೇ ಹೇಳುತ್ತಿದ್ದರು. ಮರುದಿನ ನ್ಯೂ ಮೆಕ್ಸಿಕೋ ಮತ್ತು ಕೊಲೊರಾಡೋಗಳ ಗಡಿಯಲ್ಲಿ 7,834 ಅಡಿ ಎತ್ತರದ ರಾಟನ್ ಕಣಿವೆದಾರಿಯನ್ನು ಹಗಲು ಹೊತ್ತಿನಲ್ಲೇ ಹತ್ತಿದೆವು, 198ಕ್ಕೆ ನಿಂತಿತು. ಅದು ಕೂಲರಿನ ಪರವಾದ ಸಾಕ್ಷಿ ಎಂದು ನಾನು ಒಪ್ಪಿದೆ. ಅಲ್ಲಿ ಹಗಲೂ ತಂಪು ಎಂದು ಅಮ್ಮ ಒಪ್ಪಲಿಲ್ಲ.

ಅಲ್ಬುಕರ್ಕಿಯಲ್ಲಿ ರಾತ್ರಿ ಬ್ಯಾಟರಿ ಹಿಡಿದು ನೋಡಿದಾಗ ಹೊಸ ರಬ್ಬರು ಕೊಳವೆಯ ಒಂದು ಕೀಲಿನಲ್ಲಿ ಕೆಂಪು ಪಸೆ ಕಂಡಿತು. ತಮ್ಮ ಕ್ಲಿಪ್ಪಿನ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದ. ಡೆನ್ವರಿನಲ್ಲಿ ನೋಡಿದಾಗ ಒಣಗಿತ್ತು. ಹೊರಗಿನಿಂದ ಹಾಕಿಸಿದ ಕೂಲರಿಗೆ ಇದೊಂದು ಬೆಲೆಯುಂಟು. ಹೊಸ ಕೀಲುಗಳು ನಾಲ್ಕು. ನಾಲ್ಕರಲ್ಲಿ ಒಂದು ಬಿಚ್ಚಿಕೊಂಡರೂ ಎಣ್ಣೆಯೆಲ್ಲ ರಸ್ತೆಗೆ. ತಣ್ಣಗಿರಿಸಲು ಹಾಕಿದ್ದೇ ಗೇರುಬಾಕ್ಸನ್ನು ಕೊಲ್ಲಬಹುದು.

ಊರಿಗೆ ಬಂದ ಮೇಲೆ ಈ ಕಥೆ ಕೇಳಿದ ನನ್ನ ಸ್ನೇಹಿತರು ಕೆಲವರು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡುವ ತಮ್ಮ ಆಟೋಮ್ಯಾಟಿಕ್ ಕಾರಿಗೂ ಒಂದು ಹಾಕಿಸಬೇಕೇ ಎಂದು ಕೇಳುತ್ತಾರೆ. ನಾನು ಈಗ ಈ ವಿಷಯದಲ್ಲಿ ತಜ್ಞನೆಂದು ಹೆಸರಾಗಿದ್ದೇನೆ. ನಮ್ಮಲ್ಲಿ ಆಟೋಮ್ಯಾಟಿಕ್ ಎಂದು ಮಾರುವ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. ಅಗ್ಗದ ಎ.ಎಂ.ಟಿ. ಎಂಬುದು ಮಾಮೂಲಿ ಗೇರುಬಾಕ್ಸೇ. ಕ್ಲಚ್ಚು ಒತ್ತುವ ಕಾಲು ಮಾತ್ರ ಯಂತ್ರದ್ದು. ಅದಕ್ಕೆ ಈ ಕೂಲರು ಹಾಕಿಸುವುದು ಮಣ್ಣಿನ ಗಣಪತಿಗೆ ಔಷಧಿ ಕುಡಿಸಿದಂತೆ. ಒಣ ಕ್ಲಚ್ಚಿನ ಜೋಡಿ ಗೇರುಬಾಕ್ಸಿನಲ್ಲಿ ಕಾಯುವುದು ಎಣ್ಣೆಯಲ್ಲ, ಕ್ಲಚ್ಚು, ಅಲ್ಲೂ ಪ್ರಯೋಜನವಿಲ್ಲ. ಟಾರ್ಕ್ ಕನ್ವರ್ಟರು ಇದ್ದರೂ, ಟ್ರೇಲರು ಎಳೆಯದವನು, ವರ್ಷಕ್ಕೊಂದು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುವವನು, ಆ ದುಡ್ಡಿಗೆ ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದರೆ ಸಾಕು ಎಂದು ನನ್ನ ಮತ. ಇದನ್ನು ಕೇಳಿ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಹೊಸದೊಂದನ್ನು ಹಾಕಿಸಿ ಎಂದು ಹೇಳಿದ್ದರೆ ಸಂತೋಷಪಡುತ್ತಿದ್ದರು.

ತಮ್ಮ ಜುಲೈ ಒಂದಕ್ಕೆ ಸರಿಯಾಗಿ ಕೆಲಸಕ್ಕೆ ಸೇರಿದ. ಮರುವಾರ ನಾನೂ ಅಮ್ಮನೂ ವಿಮಾನ ಹತ್ತಿದೆವು. ಆ ಚಳಿಗಾಲದಲ್ಲಿ ಒಂದು ಭಾನುವಾರ ಅವನು ಫೋನು ಮಾಡಿ, ಹೊರಗೆ ಮೊಳಕಾಲುದ್ದ ಹಿಮ, ವ್ಯಾನಿನ ಎಣ್ಣೆ ಅರ್ಧ ಗಂಟೆ ಓಡಿಸಿದರೂ 130 ದಾಟುತ್ತಿಲ್ಲ, ಆದ್ದರಿಂದ ಕೂಲರಿನ ಮುಂದೆ ರಟ್ಟಿನ ತುಂಡೊಂದನ್ನು ಅಡ್ಡ ಕಟ್ಟಿದ್ದೇನೆ, ಇಲ್ಲಿ ಲಾರಿಯವರೂ ರೇಡಿಯೇಟರಿಗೆ ಹಾಗೇ ಮಾಡುತ್ತಾರೆ ಎಂದ. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗುತ್ತ, ಸೊಸೆಗೆ ಕೇಳುವಷ್ಟು ದನಿಯಲ್ಲಿ ಹೇಳಿದರು: “ಮುನ್ನೂರು ಡಾಲರು ಕೊಟ್ಟು ತಣ್ಣೀರು ಪಟ್ಟಿ ಹಾಕಿಸಿದ. ಈಗ ಅದಕ್ಕೆ ಕಂಬಳಿ ಹೊದಿಸ್ತಾ ಇದಾನಂತೆ.”